ಅವಾಹಕ ಸೋಲುವುದು ಯಾವಾಗ?



ಪ್ಲಾಸ್ಟಿಕ್, ರಬ್ಬರ್, ಗಾಜು, ಪಿಂಗಾಣಿ ಇವು ವಿದ್ಯುತ್ ಅವಾಹಕಗಳು ಎಂದು ನೀವು ಓದಿದ್ದೀರಿ. ಹಾಗಾದರೆ ಇವುಗಳ ಮೂಲಕ ವಿದ್ಯುತ್ ಎಂದಿಗೂ ಹರಿಯುವುದಿಲ್ಲವೆ? ಗಾಳಿಯೂ ಅವಾಹಕವೇ. ಆದರೂ ಮಿಂಚು ಅದನ್ನು ಸೀಳಿಕೊಂಡು ನೆಲಕ್ಕೆ ಬರುತ್ತದಲ್ಲ!

ತಾಳಿಕೆಗೂ ಮಿತಿ ಇದೆ

ಕೆರೆಯ ಏರಿ ನೀರನ್ನು ತಡೆಯುತ್ತದೆ. ಆದರೆ ಒತ್ತಡ ಮಿತಿ ಮೀರಿದರೆ ಏರಿ ಒಡೆಯುತ್ತದೆ. ಅವಾಹಕವೂ ಹೀಗೆಯೇ. ವಿದ್ಯುತ್ತಿನ ಒತ್ತಡವನ್ನು ವೋಲ್ಟ್‌ಗಳಲ್ಲಿ ಅಳೆಯುತ್ತೇವೆ. 1 ಮಿ.ಮೀ. ಗಾಳಿ ಸುಮಾರು 3,000 ವೋಲ್ಟ್ ತಾಳುತ್ತದೆ. ಅಷ್ಟೇ ದಪ್ಪದ ಪಾಲಿಥೀನ್ ಸುಮಾರು 20,000 ವೋಲ್ಟ್ ತಾಳುತ್ತದೆ. ಅದಕ್ಕಿಂತ ಹೆಚ್ಚಾದರೆ ಅವಾಹಕ ಸೋತು, ಅದರೊಳಗೆ ವಿದ್ಯುತ್ ನುಗ್ಗುತ್ತದೆ.

ಪ್ಲಾಸ್ಟಿಕ್ಕಿನೊಳಗೊಂದು ಮರ

ನಗರಗಳಲ್ಲಿ ನೆಲದಡಿ ಹೋಗುವ ದಪ್ಪ ಕೇಬಲ್ಲುಗಳಿಗೆ ಪಾಲಿಥೀನ್ ಹೊದಿಕೆ ಇರುತ್ತದೆ. ಅದರೊಳಗೆ ಎಲ್ಲೋ ಒಂದು ಗಾಳಿಗುಳ್ಳೆ ಉಳಿದಿದೆ ಎನ್ನೋಣ. ಅಲ್ಲಿ ಕಣ್ಣಿಗೆ ಕಾಣದ ಕಿಡಿಗಳು ಹುಟ್ಟಿ ಪ್ಲಾಸ್ಟಿಕ್ಕನ್ನು ಸ್ವಲ್ಪ ಸ್ವಲ್ಪವೇ ಕೊರೆಯುತ್ತವೆ. ಕೊರೆದ ದಾರಿ ಕವಲೊಡೆದು ಎಲೆ ಉದುರಿದ ಮರದಂತೆ ಬೆಳೆಯುತ್ತದೆ. ಇದೇ 'ವಿದ್ಯುತ್ ಮರ'. ಏರಿಯಲ್ಲಿ ಇಲಿ ತೋಡಿದ ಬಿಲ ಇದ್ದಂತೆ! ಮರ ಆಚೆ ಬದಿ ಮುಟ್ಟಿದ ದಿನ ಕೇಬಲ್ ಸುಟ್ಟು, ಬೀದಿ ಕತ್ತಲಾಗುತ್ತದೆ.

ಪುಟ್ಟ ಕಣಗಳ ನೆರವು

ಈ ಮರವನ್ನು ತಡೆಯಲು ವಿಜ್ಞಾನಿಗಳು ಪ್ಲಾಸ್ಟಿಕ್ಕಿಗೆ ಸಿಲಿಕದಂಥ ಪುಡಿಯನ್ನು ಬೆರೆಸಿ ನೋಡಿದರು. ಮರಳಿನಲ್ಲಿ ಇರುವುದೂ ಸಿಲಿಕವೇ. ಒರಟು ಪುಡಿ ಬೆರೆಸಿದರೆ ಸಾಮಾನ್ಯವಾಗಿ ತಾಳಿಕೆ ಕುಗ್ಗುತ್ತದೆ. ಆದರೆ ನ್ಯಾನೊ ಕಣಗಳನ್ನು ಚೆನ್ನಾಗಿ ಬೆರೆಸಿದರೆ ಮರ ನಿಧಾನವಾಗಿ ಬೆಳೆಯುತ್ತದೆ. 1 ಮಿ.ಮೀ. ಅನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗವೇ 1 ನ್ಯಾನೊಮೀಟರ್. ನ್ಯಾನೊ ಕಣದ ಗಾತ್ರ 100 ನ್ಯಾನೊಮೀಟರ್‌ಗಿಂತ ಕಡಿಮೆ.

ವಸ್ತು ಅದೇ ಆದರೂ ಫಲ ಬೇರೆ ಏಕೆ? ಕಣಕ್ಕೆ ಅಂಟಿಕೊಂಡಿರುವ ಪ್ಲಾಸ್ಟಿಕ್ಕಿನ ಗುಣ ಬದಲಾಗಿರುತ್ತದೆ. ಅದು ಓಡುವ ಎಲೆಕ್ಟ್ರಾನುಗಳನ್ನು ಹಿಡಿದು ನಿಲ್ಲಿಸಬಲ್ಲದು. ಕಣ ಚಿಕ್ಕದಾದಷ್ಟೂ ಇಂಥ ಅಂಟುವ ಮೇಲ್ಮೈ ಹೆಚ್ಚು. ಈ ಮೇಲ್ಮೈಯ ಮಹತ್ವವನ್ನು ಬ್ರಿಟನ್ನಿನ ಟಿ. ಜೆ. ಲೂಯಿಸ್ 1994ರಲ್ಲಿ ಎತ್ತಿ ತೋರಿದರು.

ಮಾಡಿ ನೋಡಿ

ಆಲೂಗಡ್ಡೆಯಿಂದ 2 ಸೆಂ.ಮೀ. ಬದಿಯ ಘನವೊಂದನ್ನು ಕತ್ತರಿಸಿ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ 24 ಚ.ಸೆಂ.ಮೀ. ಈಗ ಅದನ್ನು 1 ಸೆಂ.ಮೀ. ಬದಿಯ ಎಂಟು ಘನಗಳಾಗಿ ಮಾಡಿ. ಒಟ್ಟು ವಿಸ್ತೀರ್ಣ 48 ಚ.ಸೆಂ.ಮೀ. ಆಯಿತು! ಆಲೂಗಡ್ಡೆ ಮಾತ್ರ ಅಷ್ಟೇ ಇದೆ.

ಗಂಟು ಕಟ್ಟಬಾರದು

ರಾಗಿಮುದ್ದೆ ತಿರುವುವಾಗ ಸರಿಯಾಗಿ ಕೂಡಿಸದಿದ್ದರೆ ಹಿಟ್ಟು ಗಂಟಾಗುತ್ತದಲ್ಲವೆ? ನ್ಯಾನೊ ಕಣಗಳೂ ಗಂಟು ಕಟ್ಟುತ್ತವೆ. ಆಗ ಅವು ಒರಟು ಪುಡಿಯಂತೆಯೇ ಆಗಿ, ತಾಳಿಕೆ ಕುಗ್ಗಬಹುದು. ಆದ್ದರಿಂದ ಪ್ರತಿ ಮಿಶ್ರಣವನ್ನೂ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿಯೇ ನೋಡಬೇಕು.

ನೆನಪಿಡಿ

ಮನೆಯ ವಿದ್ಯುತ್ತು 230 ವೋಲ್ಟ್. ಊರಾಚೆಯ ದೊಡ್ಡ ಲೈನು 11,000 ವೋಲ್ಟ್ ಇರಬಹುದು. ಒಣಕೋಲು ಅವಾಹಕ ಎಂದು ನಂಬಿ, ಕಡಿದು ಬಿದ್ದ ತಂತಿಯನ್ನು ಅದರಿಂದ ಸರಿಸಲು ಹೋಗಬೇಡಿ. ಕೋಲಿನ ತಾಳಿಕೆಗೂ ಮಿತಿ ಇದೆ. ದೂರ ನಿಂತು ಹಿರಿಯರಿಗೆ ತಿಳಿಸಿ.

ಪ್ರಶ್ನೆಗಳು

1. 1 ಸೆಂ.ಮೀ. ಗಾಳಿಯನ್ನು ಸೀಳಲು ಸುಮಾರು ಎಷ್ಟು ವೋಲ್ಟ್ ಬೇಕು? 1.5 ವೋಲ್ಟಿನ ಎಷ್ಟು ಸೆಲ್ಲುಗಳಿಗೆ ಇದು ಸಮ?
2. ಎಂಟು ಘನಗಳ ಬದಿಯನ್ನು ಮತ್ತೆ ಅರ್ಧ ಮಾಡಿದರೆ ಒಟ್ಟು ವಿಸ್ತೀರ್ಣ ಎಷ್ಟಾಗುತ್ತದೆ?

(ಉತ್ತರ: 1. 30,000 ವೋಲ್ಟ್, 20,000 ಸೆಲ್ಲುಗಳು. 2. 96 ಚ.ಸೆಂ.ಮೀ.)