ಮೈಸೂರು ನಗೆಟ್ಸ್: ಹೆಸರು ಮೈಸೂರಿನದು, ಬೆಳೆ ಬೆಟ್ಟದ್ದು

ಹೆಸರಿನಲ್ಲಿ ಮೈಸೂರು ಇದೆಯೆಂದು ನಗರದ ಸುತ್ತಮುತ್ತ ಈ ಕಾಫಿಯ ತೋಟ ಹುಡುಕಿದರೆ ಸಿಗದು. 'ಮೈಸೂರು ನಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್' ಭಾರತೀಯ ಕಾಫಿ ಮಂಡಳಿಯ ವಿಶೇಷ ದರ್ಜೆಯ ಅರೇಬಿಕಾ. ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗು, ಬಿಳಿಗಿರಿ ಮತ್ತು ತಮಿಳುನಾಡಿನ ಶೆವರಾಯ್ ಬೆಟ್ಟಗಳ ಆಯ್ದ ಬೀಜವೇ ಇದಕ್ಕೆ ಮೂಲ.



ತಯಾರಿ ತಾಳ್ಮೆ ಬೇಡುತ್ತದೆ. ಕೆಂಪಗೆ ಕಳಿತ ಹಣ್ಣನ್ನಷ್ಟೇ ಕೈಯಿಂದ ಬಿಡಿಸಿ, ತಡಮಾಡದೆ ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆಯುತ್ತಾರೆ. ಬೀಜಕ್ಕೆ ಅಂಟಿದ ಲೋಳೆ ಬಿಡಲು ತೊಟ್ಟಿಯಲ್ಲಿ ಸಾಮಾನ್ಯವಾಗಿ 24ರಿಂದ 36 ಗಂಟೆ ಹುಳಿಯಬೇಕು. ಅದು ಹೆಚ್ಚಾದರೆ ರುಚಿಯೇ ಕೆಟ್ಟೀತು. ತೊಳೆದ ಬೀಜವನ್ನು ಕಣದಲ್ಲಿ ಹರಡಿ, ಆಗಾಗ ಕೈಯಾಡಿಸುತ್ತಾ, ತೇವಾಂಶ ಸುಮಾರು ಶೇ. 10ಕ್ಕೆ ಇಳಿಯುವವರೆಗೆ ಒಣಗಿಸುತ್ತಾರೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹೊಟ್ಟು ಬಿಡಿಸಿದ ಬಳಿಕ ನಿಜವಾದ ಪರೀಕ್ಷೆ: 7.5 ಮಿ.ಮೀ. ಜರಡಿಯಲ್ಲಿ ನಿಲ್ಲುವ ದಪ್ಪ ಬೀಜಕ್ಕೇ ಇಲ್ಲಿ ಮನ್ನಣೆ. ನೀಲಿ ಛಾಯೆಯ ಹಸಿರು ಬಣ್ಣ, ಒಂದೇ ಗಾತ್ರ ಇದರ ಗುರುತು. ಒಂದು ತೋಟದ ಫಸಲಿನಲ್ಲೂ ಇಂಥ ಬೀಜದ ಪಾಲು ಸಣ್ಣದು, ದುಬಾರಿಯಾಗುವುದು ಸಹಜವೇ.

ಮಂಡಳಿಯ ಇನ್ನೆರಡು ವಿಶೇಷ ಕಾಫಿಗಳು ಮಾನ್ಸೂನ್ಡ್ ಮಲಬಾರ್ ಮತ್ತು ರೋಬಸ್ಟಾ ಕಾಪಿ ರಾಯಲ್. ಮೊದಲನೆಯದು ಪಶ್ಚಿಮ ಕರಾವಳಿಯ ಮಳೆಗಾಲದ ಗಾಳಿಗೆ ಒಡ್ಡಿ ಹದಗೊಳಿಸಿದ್ದು.

ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು ಎಡವುವ ಜಾಗವೊಂದಿದೆ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಐದು ಕಾಫಿಗಳೆಂದರೆ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಅರಕು ಕಣಿವೆಯ ಅರೇಬಿಕಾಗಳು ಮತ್ತು ವಯನಾಡು ರೋಬಸ್ಟಾ. ಮೈಸೂರು ನಗೆಟ್ಸ್ ಆ ಐದರಲ್ಲಿ ಇಲ್ಲ.