ಅಂಕಿ ನೋಡಿ ರೆಂಚು ಕೊಳ್ಳು

ಕಾರಿನ ಚಕ್ರ ನಾನೇ ಬಿಚ್ಚಿ ಹಾಕುತ್ತೇನೆ, ಬೈಕಿನ ಆಯಿಲ್ ಮನೆಯಲ್ಲೇ ಬದಲಾಯಿಸುತ್ತೇನೆ ಅಂತ ಹೊರಟಿದ್ದೀಯಲ್ಲ ಮಗು, ಬಹಳ ಸಂತೋಷ. ಸ್ವಂತ ಗಾಡಿಯ ಒಳಗುಟ್ಟು ತಿಳಿದವರು ನಡುರಸ್ತೆಯಲ್ಲಿ ಕೈಚೆಲ್ಲಿ ಕೂರುವುದಿಲ್ಲ. ಸ್ಪ್ಯಾನರ್ ಸೆಟ್ಟು, ಜಾಕಿ, ಗ್ರೀಸು ಎಲ್ಲ ತಂದುಕೊಂಡಿದ್ದೀಯ. ನಟ್ಟನ್ನು ಎಷ್ಟು ಬಿಗಿದೆವು ಅಂತ ಅಳೆದು ಹೇಳುವ ಟಾರ್ಕ್ ರೆಂಚ್ ಒಂದನ್ನು ಮಾತ್ರ ಆಮೇಲೆ ನೋಡೋಣ ಅಂತ ಬಿಟ್ಟಿದ್ದೀಯ. ಅದನ್ನು ಈಗಲೇ ತಗೋ. ದುಬಾರಿಯದು ಬೇಕಿಲ್ಲ, ನಿನ್ನ ಕೆಲಸಕ್ಕೆ ಸರಿಯಾದದ್ದಾದರೆ ಸಾಕು.

ನಟ್ಟು ಸಡಿಲ ಉಳಿದರೆ ಚಕ್ರ ಕಳಚೀತು ಅನ್ನುವ ಭಯ ಎಲ್ಲರಿಗೂ ಇರುತ್ತದೆ. ಆ ಭಯಕ್ಕೇ ಎಲ್ಲರೂ ಬೇಕಾದ್ದಕ್ಕಿಂತ ಹೆಚ್ಚು ಬಿಗಿಯುತ್ತಾರೆ. ಮನೆಯಲ್ಲಿ ಗಾಡಿ ರಿಪೇರಿ ಮಾಡುವಾಗ ಕೆಡುವುದು ಬಹುಪಾಲು ಹೀಗೆಯೇ. ಬೈಕಿನ ಎಂಜಿನ್ನಿನ ತಳ ಅಲ್ಯೂಮಿನಿಯಂ, ಅದಕ್ಕೆ ಹಾಕುವ ಡ್ರೈನ್ ಬೋಲ್ಟು ಉಕ್ಕು. ಇನ್ನೊಂದು ಸ್ವಲ್ಪ ಇರಲಿ ಅಂತ ಒತ್ತುತ್ತಾ ಹೋದರೆ ಕೈಗೆ ಬರುತ್ತಿದ್ದ ಬಿಗಿ ಇದ್ದಕ್ಕಿದ್ದ ಹಾಗೆ ಹಗುರವಾಗುತ್ತದೆ. ಥ್ರೆಡ್ ಹೋಯಿತು ಅಂತ ತಿಳಿದುಕೋ. ಬಿಚ್ಚಿ ನೋಡಿದರೆ ಬೋಲ್ಟಿನ ಮೈಗೆ ಬೆಳ್ಳಗಿನ ಸುರುಳಿಯೊಂದು ಅಂಟಿಕೊಂಡು ಬರುತ್ತದೆ. ಅದು ಎಂಜಿನ್ನಿನೊಳಗಿನ ಥ್ರೆಡ್ಡೇ. ಆಮೇಲೆ ಆ ತೂತನ್ನು ಕೊರೆಸಿ ಹೆಲಿಕಾಯಿಲ್ ಅನ್ನುವ ಹೊಸ ಥ್ರೆಡ್ಡಿನ ಸುರುಳಿ ಹಾಕಿಸಿಕೊಂಡು ಬರಬೇಕು.

ಕಾರಿನದು ಬೇರೆ ತೊಂದರೆ. ಟೈರ್ ಅಂಗಡಿಯಲ್ಲಿ ಏರ್ ಗನ್ ಹಿಡಿದು ಗರ್ರನೆ ಬಿಗಿದು ಕಳಿಸುತ್ತಾರೆ. ರಾತ್ರಿ ಹೈವೇಯಲ್ಲಿ ಪಂಕ್ಚರ್ ಆದಾಗ ಡಿಕ್ಕಿಯಲ್ಲಿರುವ ಮೋಟು ವೀಲ್ ಸ್ಪ್ಯಾನರಿನ ಮೇಲೆ ನಿಂತು ಕುಪ್ಪಳಿಸಿದರೂ ಆ ನಟ್ಟು ಅಲ್ಲಾಡುವುದಿಲ್ಲ. ಮನೆಯಲ್ಲಿ ಅಮ್ಮನೋ ತಂಗಿಯೋ ಒಬ್ಬರೇ ಕಾರು ಓಡಿಸುತ್ತಾರೆ ಅಂದರೆ ಇದನ್ನು ತಲೆಯಲ್ಲಿ ಇಟ್ಟುಕೊಳ್ಳಲೇಬೇಕು. ಅಂಗಡಿಯಿಂದ ಬಂದ ಮೇಲೆ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಸರಿಯಾದ ಅಳತೆಗೆ ನೀನೇ ಬಿಗಿದಿಡು.

ಕೊಳ್ಳುವ ವಿಚಾರಕ್ಕೆ ಬರೋಣ. ಅಂಗಡಿಗೆ ಹೋದವರು ಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೆಯದು ಅಂತ. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಅದು ಎಷ್ಟರಿಂದ ಎಷ್ಟರವರೆಗೆ ಅಳೆಯುತ್ತದೆ ಅಂತ. ನಮ್ಮಲ್ಲಿ ಓಡಾಡುವ ಸಣ್ಣ ಕಾರುಗಳ ವೀಲ್ ನಟ್ಟಿಗೆ ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್ ಬೇಕು. ಅರ್ಧ ಇಂಚು ಡ್ರೈವಿನ, 40ರಿಂದ 210ರವರೆಗೆ ಅಳೆಯುವ ರೆಂಚ್ ಇದಕ್ಕೆ ಹೇಳಿ ಮಾಡಿಸಿದ್ದು, ನಿನ್ನ ಅಂಕಿ ಅದರ ನಡುಭಾಗದಲ್ಲಿ ಬೀಳುತ್ತದೆ. ಇಟ್ಟ ಅಂಕಿ ಮುಟ್ಟಿದಾಗ ಕ್ಲಿಕ್ ಅನ್ನುವ ಈ ಬಗೆಯ ಕ್ಲಿಕ್ ರೆಂಚ್ ನಿಖರವಾಗಿರುವುದು ಅಲ್ಲಿಯೇ. ಗರಿಷ್ಠ ಅಂಕಿಯ ಐದನೇ ಒಂದು ಭಾಗಕ್ಕಿಂತ ಕೆಳಗೆ ಅದನ್ನು ನಂಬಬೇಡ.

ಅದೇ ರೆಂಚಿನಲ್ಲಿ ಬೈಕಿನ ಕೆಲಸವೂ ಆಗುತ್ತದೆ ಅಂತ ಅಂಗಡಿಯವನು ಹೇಳಿದರೆ ಒಪ್ಪಬೇಡ. ಬೈಕಿನ ಡ್ರೈನ್ ಬೋಲ್ಟು ಹೆಚ್ಚಾಗಿ 20ರಿಂದ 30ರ ಒಳಗೆ, 6 ಎಂಎಂ ಬೋಲ್ಟುಗಳು 10ರ ಆಸುಪಾಸು. ಅಷ್ಟು ಕೆಳಗಿನ ಗುರುತೇ ದೊಡ್ಡ ರೆಂಚಿನಲ್ಲಿ ಇರುವುದಿಲ್ಲ. 5ರಿಂದ 25ರದ್ದು, ಕಾಲು ಇಂಚು ಡ್ರೈವಿನ ಚಿಕ್ಕ ರೆಂಚ್ ಒಂದನ್ನು ಬೇರೆಯೇ ತಗೋ. ಡ್ರೈನ್ ಬೋಲ್ಟಿನ ಅಂಕಿ 25 ದಾಟಿದ್ದರೆ ಮಾತ್ರ 3/8 ಇಂಚಿನದು ನೋಡು. ಒಮ್ಮೆಗೇ ಎರಡಕ್ಕೂ ಹಣ ಹೊಂದದಿದ್ದರೆ, ಯಾವ ಗಾಡಿಯ ಕೆಲಸ ನೀನು ಹೆಚ್ಚು ಮಾಡುತ್ತೀಯೋ ಅದರದ್ದನ್ನು ಮೊದಲು ಕೊಳ್ಳು. ಎರಡಕ್ಕೂ ಒಂದೇ ಅಂತ ಕೊಂಡರೆ ಎರಡು ಕೆಲಸವೂ ಅರೆಬರೆ.

ಬೆಲೆಯ ಮಾತು. ಎರಡು ಮೂರು ಸಾವಿರ ರೂಪಾಯಿಗೆ ಮನೆ ಬಳಕೆಗೆ ಸಾಕಾಗುವ ಕ್ಲಿಕ್ ರೆಂಚ್ ಸಿಗುತ್ತದೆ. ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆ ಕಡೆ ಒಂದು ಸುತ್ತು ಹೋಗಿ ಬಾ, ಕೈಯಲ್ಲಿ ಹಿಡಿದು ನೋಡಬಹುದು. ಅಂಕಿಗಳನ್ನು ಲೋಹದಲ್ಲೇ ಕೆತ್ತಿರಬೇಕು, ಅಂಟಿಸಿದ ಚೀಟಿಯಾದರೆ ಆಯಿಲ್ ಕೈ ತಾಗಿ ಅಳಿಸಿಹೋಗುತ್ತದೆ. ಹಿಡಿಯ ಬುಡದ ಲಾಕ್ ಗಟ್ಟಿಯಾಗಿ ಕೂರಬೇಕು. ಪೆಟ್ಟಿಗೆಯೊಳಗೆ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇದ್ದರೆ ಅದರ ಮೇಲಿನ ನಂಬರೂ ರೆಂಚಿನ ಮೈಮೇಲಿನ ನಂಬರೂ ಒಂದೇನಾ ಅಂತ ತಾಳೆ ನೋಡು. ಬೇರೆಯಾಗಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ. ಐಎಸ್‌ಒ 6789 ಅಂತ ಬರೆದಿರಬೇಕು. ಈ ಮಾನದಂಡದ ಪ್ರಕಾರ ಕ್ಲಿಕ್ ರೆಂಚ್‌ನಲ್ಲಿ 10 ನ್ಯೂಟನ್ ಮೀಟರಿನ ಮೇಲೆ ಶೇ. 4ರಷ್ಟು ಆಚೀಚೆ ಆಗಬಹುದು, ಅದಕ್ಕಿಂತ ಹೆಚ್ಚು ಆಗಬಾರದು. ಮನೆ ಕೆಲಸಕ್ಕೆ ಅಷ್ಟು ಸಾಕು. ಡಿಜಿಟಲ್ ನಿನಗೆ ಬೇಡ.

ಇನ್ನೂ ಕಡಿಮೆ ದುಡ್ಡಿನಲ್ಲಿ ಆಗಬೇಕು ಅಂದರೆ ಮುಳ್ಳಿನ ರೆಂಚ್ ಇದೆ. ಒಂದು ಉಕ್ಕಿನ ಸರಳು ಬಾಗುತ್ತದೆ, ಪಕ್ಕದ ಮುಳ್ಳು ಅಂಕಿ ತೋರಿಸುತ್ತದೆ, ಅಷ್ಟೇ ಅದರ ಕಥೆ. ಒಳಗೆ ಸ್ಪ್ರಿಂಗಿಲ್ಲ, ಕೆಡುವ ಭಾಗವಿಲ್ಲ. ನೇರವಾಗಿ ಮೇಲಿನಿಂದ ನೋಡಿ ಓದಬೇಕು, ಇಕ್ಕಟ್ಟಿನ ಜಾಗದಲ್ಲಿ ಕಷ್ಟ. ವೀಲ್ ನಟ್ಟಿಗೆ ಮಾತ್ರ ಅಂತಾದರೆ ನಾನು ಅದನ್ನೂ ಧಾರಾಳವಾಗಿ ಒಪ್ಪುತ್ತೇನೆ.

ಕೆಲವು ರೆಂಚುಗಳಲ್ಲಿ ಒಂದು ಕಡೆ ನ್ಯೂಟನ್ ಮೀಟರ್, ಇನ್ನೊಂದು ಕಡೆ ಪೌಂಡ್ ಅಡಿ ಅಂತ ಎರಡು ಸಾಲು ಅಂಕಿ ಇರುತ್ತವೆ. ಎಚ್ಚರ ತಪ್ಪಿ 110 ಅನ್ನು ಪೌಂಡ್ ಅಡಿಯ ಸಾಲಿನಲ್ಲಿ ಇಟ್ಟರೆ ಅದು ಸುಮಾರು 149 ನ್ಯೂಟನ್ ಮೀಟರ್ ಆಗಿಬಿಡುತ್ತದೆ. ಹಳೆಯ ಮ್ಯಾನುಯಲ್‌ಗಳಲ್ಲಿ ಕೆಜಿ ಮೀಟರ್ ಲೆಕ್ಕವಿರುತ್ತದೆ, ಅದನ್ನು 9.8ರಿಂದ ಗುಣಿಸಿಕೋ.

ಕಡಿಮೆ ಬೆಲೆಯದು ಸುಳ್ಳು ಹೇಳುತ್ತಿಲ್ಲ ಅನ್ನುವುದಕ್ಕೆ ಏನು ಗ್ಯಾರಂಟಿ ಅಂತ ಕೇಳುತ್ತೀಯ. ನ್ಯಾಯವಾದ ಪ್ರಶ್ನೆ. ದೊಡ್ಡ ರೆಂಚಿನ ಚೌಕದ ತಲೆಯನ್ನು ಬೆಂಚ್ ವೈಸಿನಲ್ಲಿ ಕಚ್ಚಿಸಿ, ಹಿಡಿ ಅಡ್ಡಕ್ಕೆ ನೇರವಾಗಿ ಬರುವ ಹಾಗೆ ನಿಲ್ಲಿಸು, ಕೆಳಕ್ಕೆ ಒತ್ತಿದರೆ ಬಿಗಿಯುವ ದಿಕ್ಕಾಗಿರಲಿ. ತಲೆಯ ನಡುವಿನಿಂದ 45 ಸೆಂಟಿಮೀಟರ್ ಅಳೆದು, ಹಿಡಿಯ ಮೇಲೆ ಅಲ್ಲಿಗೆ ತುಂಬಿದ 20 ಲೀಟರಿನ ನೀರಿನ ಕ್ಯಾನನ್ನು ಹಗ್ಗದಲ್ಲಿ ತೂಗುಹಾಕು. ಜೋಲಿ ಹೊಡೆಯದಂತೆ ಮೆಲ್ಲಗೆ ಕೈ ಬಿಡು. ನೀರಿನ ಭಾರವೇ 88 ನ್ಯೂಟನ್ ಮೀಟರ್ ಆಗುತ್ತದೆ, ಕ್ಯಾನಿನದು ರೆಂಚಿನದು ಸೇರಿ 90 ದಾಟುತ್ತದೆ. 80ಕ್ಕೆ ಇಟ್ಟಾಗ ಕ್ಲಿಕ್ ಅನ್ನಬೇಕು, 110ಕ್ಕೆ ಇಟ್ಟಾಗ ಅನ್ನಬಾರದು. ಇದು ಪ್ರಯೋಗಾಲಯದ ಪರೀಕ್ಷೆಗೆ ಸಮನಲ್ಲ, ಆದರೆ ದೊಡ್ಡ ಸುಳ್ಳಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಪಕ್ಕಾ ಬೇಕೆಂದರೆ ಎನ್‌ಎಬಿಎಲ್ ಮಾನ್ಯತೆ ಇರುವ ಕ್ಯಾಲಿಬ್ರೇಷನ್ ಲ್ಯಾಬಿಗೆ ಕೊಡು. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಸಿಗುತ್ತವೆ.

ಒಳ್ಳೆಯ ರೆಂಚನ್ನೂ ಕೆಟ್ಟದಾಗಿ ಬಳಸಬಹುದು. ನೀನು ಹಾಕುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 90 ಪಾಲು ನಟ್ಟಿನ ಕೆಳಗಿನ ಮತ್ತು ಥ್ರೆಡ್ಡಿನ ಉಜ್ಜಾಟಕ್ಕೇ ಖರ್ಚಾಗುತ್ತದೆ, ಬೋಲ್ಟನ್ನು ಎಳೆದು ಹಿಡಿಯುವುದಕ್ಕೆ ಉಳಿಯುವುದು 10 ಪಾಲು. ಥ್ರೆಡ್ಡಿಗೆ ಎಣ್ಣೆ ಸವರಿದರೆ ಉಜ್ಜಾಟ ಕಡಿಮೆಯಾಗಿ, ರೆಂಚ್ ಅದೇ ಅಂಕಿಗೆ ಕ್ಲಿಕ್ ಅಂದರೂ ಬೋಲ್ಟಿನ ಮೇಲೆ ಎಳೆತ ಬಹಳ ಏರಿರುತ್ತದೆ. ಮ್ಯಾನುಯಲ್ ಹೇಳದ ಕಡೆ ಎಣ್ಣೆ, ಗ್ರೀಸು ಹಚ್ಚಬೇಡ; ತುಕ್ಕು, ಮಣ್ಣು ಇದ್ದರೆ ತಂತಿ ಬ್ರಷ್ಷಿನಲ್ಲಿ ಉಜ್ಜಿ ತೆಗಿ. ನಟ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸು, ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿ, ಕಾರನ್ನು ಜಾಕಿಯಿಂದ ಇಳಿಸಿ ಚಕ್ರ ನೆಲಕ್ಕೆ ಊರಿದ ಮೇಲೆ ರೆಂಚ್ ಹಾಕು. ಹಿಡಿಯ ನಡುವೆ ಕೈಯಿಟ್ಟು ನಿಧಾನವಾಗಿ ಎಳೆ. ಕ್ಲಿಕ್ ಅಂದ ಕೂಡಲೇ ನಿಲ್ಲಿಸು. ಖಾತ್ರಿಗೆ ಅಂತ ಮತ್ತೆರಡು ಸಲ ಕ್ಲಿಕ್ ಅನಿಸುವವರನ್ನು ನೋಡಿದ್ದೇನೆ, ಪ್ರತಿ ಸಲವೂ ಬಿಗಿ ಇಷ್ಟಿಷ್ಟು ಏರುತ್ತದೆ. ಚಿಕ್ಕ ಅಂಕಿಗಳಲ್ಲಿ ಆ ಸದ್ದು ಬಹಳ ಮೆತ್ತಗಿರುತ್ತದೆ, ಕಿವಿಗಿಂತ ಅಂಗೈಗೆ ಬೇಗ ತಿಳಿಯುತ್ತದೆ. ಆಗ ರೇಡಿಯೋ, ಫೋನು ಎಲ್ಲ ಪಕ್ಕಕ್ಕಿಡು. 100 ಕಿಲೋಮೀಟರ್ ಓಡಿಸಿದ ಮೇಲೆ ವೀಲ್ ನಟ್ಟುಗಳನ್ನು ಇನ್ನೊಮ್ಮೆ ನೋಡು.

ಟಾರ್ಕ್ ರೆಂಚಿನಲ್ಲಿ ನಟ್ಟು ಬಿಚ್ಚಬೇಡ. ಅದಕ್ಕೆ ಬೇರೆ ರಾಡು ಇರಲಿ. ಹಿಡಿಗೆ ಪೈಪು ತೂರಿಸಬೇಡ. ಕೆಲಸ ಮುಗಿದ ಮೇಲೆ ಅಂಕಿಯನ್ನು ಅತಿ ಕೆಳಗಿನ ಗುರುತಿಗೆ ಇಳಿಸಿ ಪೆಟ್ಟಿಗೆಯಲ್ಲಿಡು, ಅದಕ್ಕಿಂತ ಕೆಳಗೆ ಬಿಚ್ಚಬೇಡ. 100ರಲ್ಲೇ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ಸ್ಪ್ರಿಂಗು ಸೋಲುತ್ತದೆ. ಕೆಳಗೆ ಬಿದ್ದರೆ ನೀರಿನ ಕ್ಯಾನಿನ ಪರೀಕ್ಷೆ ಮಾಡದೆ ಮತ್ತೆ ಬಳಸಬೇಡ. ನೆರೆಮನೆಯವರು ಕೇಳಿದರೆ ರೆಂಚ್ ಜೊತೆಗೆ ನೀನೂ ಹೋಗು.

ಇವತ್ತು ಸಂಜೆ ಕಾರಿನ ಮ್ಯಾನುಯಲ್ ತೆಗೆದು ವೀಲ್ ನಟ್ಟಿನ ಅಂಕಿಯನ್ನೂ ಸಾಕೆಟ್ಟಿನ ಸೈಜನ್ನೂ ಬರೆದಿಟ್ಟುಕೋ. ನಮ್ಮ ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 19 ಇಲ್ಲವೇ 21 ಎಂಎಂ ಇರುತ್ತದೆ. ಬೈಕಿನ ಡ್ರೈನ್ ಬೋಲ್ಟಿನದು ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ, ಅದನ್ನೂ ಬರೆದುಕೋ. ಆ ಚೀಟಿ ಜೇಬಿನಲ್ಲಿಲ್ಲದೆ ಅಂಗಡಿಗೆ ಹೋಗಬೇಡ.