ಪೋರ್ತುಗಾಲ: ಮುಂಬಯಿಯನ್ನು ಬಳುವಳಿ ಕೊಟ್ಟ ದೇಶ

ದಾದರದ ಗೋಖಲೆ ರಸ್ತೆಯಲ್ಲಿ ಬಸ್ಸು ಹತ್ತುವ ನಮ್ಮವರೆಲ್ಲ ‘ಪೋರ್ತುಗೀಜ ಚರ್ಚ್’ ಎಂಬ ಹೆಸರನ್ನು ಬಲ್ಲರು. ಇಂದಿನ ಕಟ್ಟಡ ಹೊಸದು. ಆದರೆ ಆ ಸ್ಥಳದಲ್ಲಿ ಇಗರ್ಜಿ ನಿಂತು ನಾಲ್ಕು ನೂರು ವರ್ಷಗಳು ಮೀರಿವೆ. ಇಂಗ್ಲಿಷರು ಬರುವ ಮೊದಲು ಸುಮಾರು 130 ವರ್ಷ ಮುಂಬಯಿಯನ್ನು ಆಳಿದವರು ಪೋರ್ತುಗೀಜರು. ತಮ್ಮ ರಾಜಕುಮಾರಿಯ ಮದುವೆಯಲ್ಲಿ ಅವರು ಈ ದ್ವೀಪವನ್ನು ಬಳುವಳಿಯಾಗಿ ಕೊಟ್ಟ ಕಥೆ ಎಲ್ಲರಿಗೂ ಗೊತ್ತು. ಇಂಥ ಬಂದರನ್ನು ಯಾರಾದರೂ ಏಕೆ ಕೊಡುತ್ತಾರೆ ಎಂದು ಕೇಳಿದವರು ಕಡಿಮೆ. ಆ ಪ್ರಶ್ನೆಗೆ ಉತ್ತರದ ಒಂದು ಪಾಲು ನಮ್ಮ ಕರಾವಳಿಯಲ್ಲಿಯೇ ಇದೆ.

ಪೋರ್ತುಗಾಲವು ಯುರೋಪಿನ ಪಡುವಣ ತುದಿಯ ದೇಶ. ವಿಸ್ತಾರದಲ್ಲಿ ಕರ್ನಾಟಕದ ಅರ್ಧಕ್ಕಿಂತಲೂ ಕಡಿಮೆ. ಮೂಡಣಕ್ಕೆ ಬಲಾಢ್ಯ ಸ್ಪೇನ್, ಪಡುವಣಕ್ಕೆ ಮಹಾಸಾಗರ. ನೆಲದ ಕಡೆಗೆ ಬೆಳೆಯಲು ಎಡೆಯಿಲ್ಲದ ಜನ ಕಡಲಿಗಿಳಿದರು. ಅವರ ಮಹಾಕವಿ ಕಮೊಯಿಶನ ಮಹಾಕಾವ್ಯದ ವಸ್ತುವೂ ವಾಸ್ಕೋ ಡ ಗಾಮನ ಸಮುದ್ರಯಾನವೇ. ಅದು 1572ರಲ್ಲಿ ಅಚ್ಚಾಯಿತು. ಕವಿ ಸ್ವತಃ ಗೋವೆಯಲ್ಲಿ ಕೆಲವು ವರ್ಷ ಇದ್ದವನು.

ಗಾಮನು 1498ರಲ್ಲಿ ಕಲ್ಲಿಕೋಟೆಯಿಂದ ಮರಳುವಾಗ ಹಡಗುಗಳನ್ನು ಶುಚಿಮಾಡಿಸಿದ ಸ್ಥಳ ಅಂಜದೀವ. ಕಾರವಾರದ ದಕ್ಷಿಣಕ್ಕೆ, ಬಿಣಗಾದ ಎದುರಿಗೆ ಇರುವ ಚಿಕ್ಕ ದ್ವೀಪವಿದು. ಈ ಹೆಸರನ್ನು ವಾಚಕರು ನೆನಪಿಡಬೇಕು; ಮುಂದೆ ಮತ್ತೆ ಬರಲಿದೆ. 1510ರಲ್ಲಿ ಆಲ್ಬುಕರ್ಕನು ಗೋವೆಯನ್ನು ಹಿಡಿದಾಗ ದಾರಿ ತೋರಿಸಿ ನೆರವಾದವನು ಹೊನ್ನಾವರದ ನಾವಿಕ ನಾಯಕ ತಿಮ್ಮಯ್ಯ. ಪರಕೀಯರು ತಮ್ಮ ಬಲದಿಂದಲೇ ಎಲ್ಲವನ್ನೂ ಗೆದ್ದರೆಂಬುದು ಅವರೇ ಬರೆದುಕೊಂಡ ಮಾತು.

1534ರ ಡಿಸೆಂಬರದಲ್ಲಿ ಗುಜರಾತದ ಸುಲ್ತಾನ ಬಹಾದುರಶಹನು, ಮೊಗಲರ ಭಯದಿಂದ, ವಸಯಿ ಪ್ರಾಂತವನ್ನು ಪೋರ್ತುಗೀಜರಿಗೆ ಬಿಟ್ಟುಕೊಟ್ಟನು. ಮುಂಬಯಿ ಅದರೊಳಗೆ ಸೇರಿದ್ದ ಒಂದು ಸಣ್ಣ ಪಾಲು. ಮುಂದೆ ಇದನ್ನು ಗುತ್ತಿಗೆಗೆ ಪಡೆದವನು ಗಾರ್ಸಿಯಾ ದ ಓರ್ತಾ ಎಂಬ ವೈದ್ಯ. ನಮ್ಮ ದೇಶದ ಗಿಡಮೂಲಿಕೆಗಳ ಕುರಿತು ಆತನು ಬರೆದ ಗ್ರಂಥ 1563ರಲ್ಲಿ ಗೋವೆಯಲ್ಲಿ ಅಚ್ಚಾಯಿತು. ಯೆಹೂದ್ಯ ಮೂಲದವನಾದ ಈತನು 1568ರಲ್ಲಿ ತೀರಿಕೊಂಡನು. ಮರುವರ್ಷವೇ ಧರ್ಮವಿಚಾರಣೆಯ ಅಧಿಕಾರಿಗಳು ಅವನ ತಂಗಿಯನ್ನು ಸುಡಿಸಿದರು. 1580ರಲ್ಲಿ ಅವನ ಎಲುಬುಗಳನ್ನೂ ಅಗೆದು ತೆಗೆದು ಸುಟ್ಟರು. ಅಂಥ ಗ್ರಂಥ ಅಚ್ಚಾದ ಊರಿನಲ್ಲಿಯೇ ಇದೂ ನಡೆಯಿತು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಸರಿಯಲ್ಲ.

ಅದೇ 1580ರಲ್ಲಿ ಪೋರ್ತುಗಾಲದ ಸಿಂಹಾಸನವು ಸ್ಪೇನಿನ ರಾಜನ ಕೈಸೇರಿತು. ಸ್ಪೇನಿನ ವೈರಿಗಳಾದ ಡಚ್ಚರು ಈಗ ಪೋರ್ತುಗೀಜರಿಗೂ ವೈರಿಗಳಾದರು. 1640ರಲ್ಲಿ ಬ್ರಗಾಂಸದ ಮನೆತನವು ದಂಗೆಯೆದ್ದು ಸ್ವಾತಂತ್ರ್ಯ ಸಾರಿತು. ಆದರೆ ಸ್ಪೇನ್ ಅದನ್ನು ಒಪ್ಪಿದ್ದು 1668ರಲ್ಲಿ. ಅಷ್ಟು ಕಾಲ ಮನೆಬಾಗಿಲಿನಲ್ಲಿ ಯುದ್ಧ. ಇತ್ತ 1656ರಲ್ಲಿ ಕೊಲಂಬೊ ಡಚ್ಚರ ಪಾಲಾಯಿತು. ಅದಕ್ಕೂ ಮುಂಚೆ, 1652ರಿಂದ 1654ರ ಒಳಗೆ, ಕೆಳದಿಯ ಶಿವಪ್ಪನಾಯಕನು ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರುಗಳ ಅವರ ಕೋಟೆಗಳನ್ನು ಕಿತ್ತುಕೊಂಡಿದ್ದನು. ಗೋವೆಯ ಅಡಿಗೆಮನೆಗೆ ಅಕ್ಕಿ ಹೋಗುತ್ತಿದ್ದುದು ಈ ಬಂದರುಗಳಿಂದ! ಮುಂಬಯಿಯ ಬಳುವಳಿಯ ಇತಿಹಾಸ ಬರೆಯುವವರು ಡಚ್ಚರನ್ನು ಹೆಸರಿಸುತ್ತಾರೆ, ಶಿವಪ್ಪನಾಯಕನನ್ನು ಮರೆಯುತ್ತಾರೆ.

ಹೀಗೆ ನಾಲ್ಕು ಕಡೆಯಿಂದ ಇಕ್ಕಟ್ಟಿಗೆ ಸಿಕ್ಕಿದ ಪೋರ್ತುಗಾಲವು ಇಂಗ್ಲಂಡದ ಸ್ನೇಹವನ್ನು ಕೊಂಡಿತು. 1661ರ ಜೂನದಲ್ಲಿ ಕರಾರಾಯಿತು. ರಾಜಕುಮಾರಿ ಕ್ಯಾಥರೀನಳೊಡನೆ ಎರಡನೆಯ ಚಾರ್ಲ್ಸನಿಗೆ ದೊರೆತದ್ದು 20 ಲಕ್ಷ ಕ್ರುಜಾದು ಹಣ, ಆಫ್ರಿಕದ ಟ್ಯಾಂಜಿಯರ್ ಮತ್ತು ಮುಂಬಯಿ. ಬದಲಿಗೆ ಡಚ್ಚರಿಂದ ರಕ್ಷಿಸುವ ವಚನ.

ಕೊಟ್ಟದ್ದು ಲಿಸ್ಬನ್ನಿನಲ್ಲಿ, ಪಡೆಯಬೇಕಾದದ್ದು ಇಲ್ಲಿ. 1662ರ ಸೆಪ್ಟೆಂಬರದಲ್ಲಿ ಇಂಗ್ಲಿಷ್ ಹಡಗುಗಳು ಬಂದು ನಿಂತವು. ವೈಸರಾಯ್ ಅಂತೋನಿಯೊ ದ ಮೆಲೊ ಎ ಕಾಸ್ತ್ರೊ ದ್ವೀಪವನ್ನು ಬಿಡಲೊಲ್ಲನು. ಕಾಗದಪತ್ರ ಸರಿಯಿಲ್ಲವೆಂದನು. ಸಾಷ್ಟಿ, ಠಾಣೆಗಳೂ ಮುಂಬಯಿಗೆ ಸೇರಿದವೆಂದು ಇಂಗ್ಲಿಷರು ಹೇಳಿದರೆ, ಇಲ್ಲವೆಂದನು. ಸುರತಿಯಲ್ಲಿ ಇಳಿಯೋಣವೆಂದರೆ ಅಲ್ಲಿಯ ಕೋಠಿಯವರು ಮೊಗಲರಿಗೆ ಅಂಜಿದರು. ಕಡೆಗೆ ಸರ್ ಅಬ್ರಹಾಂ ಶಿಪ್‌ಮನ್ನನು ತನ್ನ ಸುಮಾರು ನಾಲ್ಕು ನೂರು ಸಿಪಾಯಿಗಳೊಂದಿಗೆ ಹೋಗಿ ತಂಗಿದ್ದು ಆ ಅಂಜದೀವದಲ್ಲಿ. ನೆರಳಿಲ್ಲ, ಸರಿಯಾದ ಆಹಾರವಿಲ್ಲ, ಮೇಲೆ ನಮ್ಮ ಕರಾವಳಿಯ ಮಳೆಗಾಲ. ಜ್ವರ, ಆಮಶಂಕೆಗಳಿಂದ ಒಬ್ಬೊಬ್ಬರಾಗಿ ಸತ್ತರು. ಶಿಪ್‌ಮನ್ನನೂ 1664ರಲ್ಲಿ ಸತ್ತನು. 1665ರ ಫೆಬ್ರುವರಿ 18ರಂದು ಅವನ ಕಾರ್ಯದರ್ಶಿ ಹಂಫ್ರೆ ಕುಕ್ಕನು ಮುಂಬಯಿಯನ್ನು ವಶಕ್ಕೆ ತೆಗೆದುಕೊಂಡಾಗ ಉಳಿದಿದ್ದ ಸಿಪಾಯಿಗಳು ನೂರರಷ್ಟು ಮಾತ್ರ. ಇಂಗ್ಲಿಷರು ಇಲ್ಲಿ ನೆಲೆನಿಂತ ದಿನವೇ ಹಿಂದುಸ್ಥಾನ ನಮ್ಮ ಕೈತಪ್ಪುವುದೆಂದು ವೈಸರಾಯನು ತನ್ನ ದೊರೆಗೆ ಬರೆದಿದ್ದನು. ಆದರೆ ಚಾರ್ಲ್ಸನಿಗೆ ದ್ವೀಪವೇ ಹೊರೆಯಾಯಿತು. 1668ರಲ್ಲಿ ವರ್ಷಕ್ಕೆ 10 ಪೌಂಡಿನ ಗೇಣಿಗೆ ಕಂಪೆನಿಗೆ ವಹಿಸಿಬಿಟ್ಟನು.

ಸಾಷ್ಟಿಯೂ ವಸಯಿಯೂ ಮಾತ್ರ ಪೋರ್ತುಗೀಜರಲ್ಲಿಯೇ ಉಳಿದು, ಚಿಮಾಜಿ ಅಪ್ಪಾ ವಸಯಿ ಕೋಟೆಯನ್ನು ಗೆದ್ದ 1739ರ ಹೊತ್ತಿಗೆ ಮರಾಠರ ವಶವಾದವು. ಬಾಂದ್ರಾ, ಉತ್ತನ, ವಸಯಿಗಳ ಹಳೆಯ ಕ್ರೈಸ್ತ ವಾಡಿಗಳು ಆ ಕಾಲದವು.

ಆಡುಮಾತಿನಲ್ಲಿ ಅವರು ಇನ್ನೂ ಇದ್ದಾರೆ. ಪಾದ್ರಿ, ಚಾವಿ, ಬಟಾಟೆ, ಅನಾನಸು, ಮೇಸ್ತ್ರಿ, ಲಿಲಾವು, ತಿಂಗಳ ಕೊನೆಗೆ ನಾವು ಎದುರುನೋಡುವ ಪಗಾರ, ಬೆಳಗಿನ ಪಾವು, ಇವೆಲ್ಲ ಪೋರ್ತುಗೀಜ ಮೂಲದವು. ಮೆಣಸಿನಕಾಯಿಯನ್ನೂ ಗೇರುಬೀಜವನ್ನೂ ಅಮೇರಿಕದಿಂದ ತಂದವರು ಅವರೇ. ನಮ್ಮ ಹಿರಿಯರು ಮಾತ್ರ ಲೆಕ್ಕವನ್ನು ಸರಿಯಾಗಿ ಇಟ್ಟಂತೆ ತೋರುತ್ತದೆ: ಸಿಹಿಯಾದ ಒಂದು ಹಣ್ಣಿಗೂ ಪರಂಗಿ ಎಂದರು, ಕೆಟ್ಟ ಒಂದು ರೋಗಕ್ಕೂ ಪರಂಗಿ ಎಂದರು.

ಅಂಜದೀವವು ಪೋರ್ತುಗೀಜರ ಕೈಬಿಟ್ಟದ್ದು 1961ರ ಡಿಸೆಂಬರದಲ್ಲಿ. ಅಂದಿನ ಕಾರ್ಯಾಚರಣೆಯಲ್ಲಿದ್ದ ನಮ್ಮ ಯುದ್ಧನೌಕೆಗಳಲ್ಲಿ ಒಂದರ ಹೆಸರು ‘ಮೈಸೂರು’. ದಡಕ್ಕಿಳಿದವರಲ್ಲಿ ಏಳು ಮಂದಿ ಮಡಿದರು. ಗೋವೆ ಭಾರತದ್ದೆಂದು ಪೋರ್ತುಗಾಲ ಒಪ್ಪಿದ್ದು, ಅಲ್ಲಿಯೇ ಸರ್ವಾಧಿಕಾರ ಉರುಳಿದ 1974ರ ಕೊನೆಗೆ. ಇಂದು ಆ ದ್ವೀಪ ಕಾರವಾರದ ನೌಕಾನೆಲೆಯೊಳಗೆ ಸೇರಿದೆ.